ನಲವತ್ತೊಂದನೇ ಊರು

ಧಣಿಯ ವಾಡೆಯ ಪಡಸಾಲೆಯಲ್ಲಿ ಮೂರು ಕುರ್ಚಿ ಹಾಕಿದ್ದರು. ಮೂರೂ ಪರೀಕ್ಷಕರಿಗೆ. ಪರೀಕ್ಷೆ ಕೊಡಲು ಬಂದವನಿಗೆ ಅಂಗಳ.

ಧರ್ಮಣ್ಣ ಅಂಗಳದಲ್ಲಿ ನಿಂತಿದ್ದ. ಬಿ.ಎ. ಮುಗಿಸಿದವನು. ಎಂ.ಎ. ಮುಗಿಸಿದವನು. ಸಂಶೋಧನೆಗೆ ಸೇರುವಾಗಿನ ನಾಲ್ಕು ಲಿಖಿತ ಪರೀಕ್ಷೆಗಳಲ್ಲಿ ಮೊದಲು ಬಂದವನು. ಮುನ್ನೂರ ಹತ್ತು ಪುಟದ ಪ್ರಬಂಧ ಬರೆದವನು. ಇನ್ನು ಉಳಿದದ್ದು ಈ ಒಂದು ಮೌಖಿಕ. ಇದೊಂದು ದಾಟಿದರೆ ಡಾಕ್ಟರೇಟು. ಅದಕ್ಕಾಗಿ ಅವನು ಚಪ್ಪಲಿಯನ್ನು ಅಗಸಿ ಬಾಗಿಲಲ್ಲೇ ಬಿಟ್ಟು, ಫರಸಿಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತಿದ್ದ. ಎದುರಿಗೆ ಏಳು ಮೆಟ್ಟಿಲು. ಅವನ್ನು ಅವನ ಅಪ್ಪ ಹತ್ತಿರಲಿಲ್ಲ. ಅಜ್ಜನೂ ಹತ್ತಿರಲಿಲ್ಲ.

ಹತ್ತೊಂಬತ್ತು ನೂರ ನಲವತ್ತೆಂಟರ ನವೆಂಬರ್ ತಿಂಗಳು. ನಿಜಾಮನ ರಾಜ್ಯ ಹೋಗಿ ಎರಡು ತಿಂಗಳಾಗಿತ್ತು. ಅಫಜಲಪುರದ ಕಚೇರಿಯ ಮೇಲೆ ಮೂರು ಬಣ್ಣದ ಬಾವುಟ ಏರಿತ್ತು. ಇನ್ನು ಮೇಲೆ ಎಲ್ಲರೂ ಸ್ವತಂತ್ರರು ಎಂದು ಈ ವಾಡೆಯಿದ್ದ ಅತನೂರಲ್ಲೂ ಡಂಗುರ ಹೊಡೆಸಿದ್ದರು. ಡಂಗುರ ಹೊಡೆದವನು ಧರ್ಮಣ್ಣನ ಚಿಕ್ಕಪ್ಪ. ಅದೂ ಬಿಟ್ಟಿ ಚಾಕರಿ.

ಪರೀಕ್ಷೆ ಶಹರದ ವಿಶ್ವವಿದ್ಯಾಲಯದಲ್ಲೇ ಆಗಬೇಕಿತ್ತು. ಗಲಾಟೆಯಲ್ಲಿ ಅಲ್ಲಿನ ತರಗತಿಗಳು ಮುಚ್ಚಿದ್ದವು. ಅವನ ಮಾರ್ಗದರ್ಶಕ ದೇವೀಂದ್ರಪ್ಪನವರು ಶಹರ ಬಿಟ್ಟು ತಮ್ಮೂರು ಅತನೂರಿಗೆ ಬಂದು ಕೂತಿದ್ದರು. ತಾವಿರುವಲ್ಲೇ ಮೌಖಿಕ ನಡೆಸುವುದಾಗಿ ಬರೆದು ಅಪ್ಪಣೆ ತರಿಸಿಕೊಂಡರು. ತಮ್ಮೂರು ಎಂದರೆ ಅದು ಧರ್ಮಣ್ಣನ ಊರೂ ಹೌದು. ವಾಡೆ ಅವರದು, ಹೊಲಗೇರಿ ಇವನದು.

ಈ ದೇವೀಂದ್ರಪ್ಪನವರ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ದೊಡ್ಡ ಮನುಷ್ಯರು. ಖಾದಿ ಉಡುವವರು. ಹೊಲಗೇರಿಯ ಹುಡುಗನ ಕೈಹಿಡಿದು ಸಾಲೆಗೆ ಹಾಕಿಸಿದವರು, ಶಹರಕ್ಕೆ ಕರೆದೊಯ್ದವರು. "ಧಣಿ ಅನಬ್ಯಾಡ ತಮ್ಮಾ, ಅಣ್ಣಾ ಅನ್ನು" ಎಂದವರು. ಶಹರದ ಮನೆಯಲ್ಲಿ ಅವನ ಜೊತೆ ಒಂದೇ ತಾಟಿನಲ್ಲಿ ಉಂಡವರು. ನಲವತ್ತೈದರ ಬೇಸಿಗೆಯಲ್ಲಿ ಲಿಖಿತ ಪರೀಕ್ಷೆಯ ಫಲಿತಾಂಶವನ್ನು ಗೋಡೆಗೆ ಹಚ್ಚಿದ ದಿನ, ನೂರು ಮಂದಿಯ ಎದುರು ಅವನನ್ನು ತಬ್ಬಿಕೊಂಡು ಅತ್ತವರು. ಧರ್ಮಣ್ಣನೂ ಅತ್ತಿದ್ದ. ಹೆತ್ತ ಅಪ್ಪ ಕೂಡ ಅವನನ್ನು ಹಾಗೆ ತಬ್ಬಿರಲಿಲ್ಲ. ಆ ಒಂದು ಅಪ್ಪುಗೆಯನ್ನು ನಂಬಿ ಅವನು ಬದುಕನ್ನೇ ಅವರ ಕೈಗೆ ಕೊಟ್ಟುಬಿಟ್ಟ.

ಪ್ರಬಂಧದ ವಿಷಯ, ಗಡಿ ತುಳಿಯುವುದು. ಎರಡು ಹೊಲಗಳ ನಡುವೆ ಗಡಿಜಗಳ ಎದ್ದರೆ ಈ ಸೀಮೆಯಲ್ಲಿ ಹಿಂದೆ ಕಾಗದ ತೆಗೆಯುತ್ತಿರಲಿಲ್ಲ, ಹೊಲಗೇರಿಯವನನ್ನು ಕರೆಯುತ್ತಿದ್ದರು. ಅವನು ಮೈಮೇಲೆ ನೀರು ಸುರಿದುಕೊಂಡು, ಒದ್ದೆ ಬಟ್ಟೆಯಲ್ಲಿ, ಆ ಹೊಲದ ಮಣ್ಣಿನ ಹೆಂಟೆಯನ್ನು ತಲೆಯ ಮೇಲೆ ಹೊತ್ತು ನಡೆಯಬೇಕು. ಅವನ ಕಾಲು ಬಿದ್ದದ್ದೇ ಗಡಿ. ಮಣ್ಣು ಇಳಿಸುವ ತನಕ ಅವನು ಮಾತಾಡಬಾರದು. ಅವನನ್ನು ಯಾರೂ ತಡೆಯಬಾರದು. ಗುಡಿ ಅಡ್ಡ ಬಂದರೆ ಗುಡಿಯೊಳಗೆ, ಮನೆ ಅಡ್ಡ ಬಂದರೆ ಮನೆಯೊಳಗೆ. ತಡೆದವನ ಹಕ್ಕು ಅಲ್ಲಿಗೇ ಬಿತ್ತು. ಸುಳ್ಳು ತುಳಿದರೆ ತುಳಿದವನ ಮಗ ಉಳಿಯುವುದಿಲ್ಲ ಎಂಬ ನಂಬಿಕೆ. ವರ್ಷವಿಡೀ ಮುಟ್ಟಿಸಿಕೊಳ್ಳದವನಿಗೆ ಆ ಒಂದು ದಿನ ಊರೆಲ್ಲ ದಾರಿ ಬಿಡುತ್ತಿತ್ತು. ಮರುದಿನ ಸತ್ತ ಎತ್ತು ಎಳೆಯಲು ಅವನನ್ನೇ ಕರೆಯುತ್ತಿತ್ತು.

ಅತನೂರಲ್ಲಿ ಗಡಿ ತುಳಿಯುವ ಮನೆತನ ಧರ್ಮಣ್ಣನದು. ಅವನ ಅಪ್ಪ ಮಾಳಿಂಗಪ್ಪನ ನೆತ್ತಿಯಲ್ಲಿ ಅಂಗೈಯಗಲ ಜಾಗದಲ್ಲಿ ಕೂದಲಿಲ್ಲ. ಮಣ್ಣು ಹೊತ್ತು, ಕಟ್ಟಿಗೆ ಹೊತ್ತು, ವಾಡೆಯ ದನಕ್ಕೆ ಮೇವು ಹೊತ್ತು ಸವೆದ ನೆತ್ತಿ.

ಧರ್ಮಣ್ಣ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕುಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿದ. ಕೇರಿ ಕೇರಿಯ ಮುದುಕರ ಮುಂದೆ ಕೂತು ಕೇಳಿ ಬರೆದುಕೊಂಡ. ಮಾದನಹಿಪ್ಪರಗಾದ ಹಾದಿಯಲ್ಲಿ ನೀರು ಕೇಳಿದಾಗ ಮೇಲಿನಿಂದ ಬೊಗಸೆಗೆ ಸುರಿದರು. ಎಂ.ಎ. ಮಾಡಿದ ಬೊಗಸೆ ಅದು. ಬಾಯಾರಿತ್ತು, ಕುಡಿದ. ಹೀಗೆ ನಲವತ್ತು ಊರು ಮುಗಿದವು. ನಲವತ್ತೊಂದನೆಯದು ತನ್ನದೇ ಊರು. ಅದನ್ನು ಮಾಳಿಂಗಪ್ಪ ಎಲ್ಲಕ್ಕಿಂತ ಕೊನೆಗೆ ಹೇಳಿದ, ಆಚೀಚೆ ನೋಡಿ ಹೇಳಿದ.

"ಗಡಿ ತುಳಿಯೋ ಚಾಕರಿಗಿ ಅಂತ ಹಿಂದಿನವ್ರು ನಮ್ಮ ಕೇರಿಗಿ ಹೊಲಾ ಬಿಟ್ಟಿದ್ರು. ಮಾನ್ಯದ ಹೊಲಾ. ಅದು ಎಲ್ಲಿತನಾ ಇತ್ತು ಗೊತ್ತೇನು? ಧಣ್ಯಾರ ಮನಿ ಒಲಿತನಾ. ಅವರಜ್ಜ ವಾಡೇ ಬೆಳಸಿದ. ಗಡಿಗಲ್ಲು ಒಲಿ ತೆಳಗ ಹೋತು. ಈಗ ನಮಗ ಹಳ್ಳದ ದಂಡಿ ತುಂಡಷ್ಟೇ ಉಳದದ."

ಧರ್ಮಣ್ಣ ಅದನ್ನೂ ಬರೆದ. ದೇವೀಂದ್ರಪ್ಪನವರಿಗೆ ಕಳಿಸಿಯೂ ಬಿಟ್ಟ. ಅಣ್ಣ ಓದುತ್ತಾರೆ, ಹೆಮ್ಮೆಪಡುತ್ತಾರೆ, ನಮ್ಮ ಮನೆಯ ತಪ್ಪನ್ನು ನಮ್ಮ ಹುಡುಗನೇ ತೋರಿಸಿದ ಅನ್ನುತ್ತಾರೆ ಎಂದುಕೊಂಡ. ಹುಚ್ಚ! ಓದಿದವನಿಗೆ ಬರುವ ಹುಚ್ಚು ಓದದವನಿಗೆ ಬರುವುದಿಲ್ಲ.

ಮೌಖಿಕದ ಹಿಂದಿನ ದಿನ ಮಧ್ಯಾಹ್ನ ಅವನು ಊರಿಗೆ ಬಂದ. ಕೇರಿಯಲ್ಲಿ ಯಾರೂ ಮಾತಾಡಿಸಲಿಲ್ಲ. ಬಾವಿಯ ಹತ್ತಿರ ನಿಂತ ಹೆಂಗಸರು ಮುಖ ತಿರುಗಿಸಿದರು. ಅವ್ವ ನಿಂಬೆವ್ವ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಮಗನನ್ನು ಕಂಡು ಮೊರ ಕೆಳಗಿಟ್ಟು ಎದ್ದಳು. ಅವನ ಹಣೆ, ಎದೆ, ತೋಳು ಮುಟ್ಟಿ ಮುಟ್ಟಿ ನೋಡಿದಳು.

"ಜ್ವರಾ ಗಿರಾ ಏನರೆ ಬಂದಿತ್ತೇನೋ ಮಗಾ?"

"ಇಲ್ಲಬೇ. ಯಾಕ?"

"ಏನಿಲ್ಲ. ಜೀಂವಂತ ಇದ್ದೀಯಲಾ, ಸಾಕು" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಒಳಗೆ ಮಾಳಿಂಗಪ್ಪ ಗೋಡೆಗೆ ಮುಖ ಮಾಡಿ ಕೂತಿದ್ದ. ಹದಿನೈದು ದಿನದಿಂದ ಹಾಗೇ ಕೂತಿದ್ದನಂತೆ.

"ಯಾಕ ಹಿಂಗ ಕುಂತೀಯಪಾ? ಕೇರಿ ಮಂದಿ ಯಾಕ ಮಾರಿ ತಿರುವ್ಯಾರ?"

"ನಾ ಗಡಿ ತುಳದೆ."

"ಯಾವ ಗಡಿ?"

"ಸುಳ್ಳು ಗಡಿ."

ಆಮೇಲೆ ಒಂದೊಂದೇ ಮಾತು ಹೊರಬಂತು. ಯಾರ ಹೊಲ ಎಲ್ಲಿಯ ತನಕ ಎಂದು ಬರೆದುಕೊಳ್ಳಲು ಹೊಸ ಸರಕಾರದ ಮೋಜಣಿಯವರು ಬಂದಿದ್ದರು. ಕಾಗದ ಇಲ್ಲದ ಕಡೆ ಅವರೂ ತುಳಿದ ಗಡಿಯನ್ನೇ ಬರೆದುಕೊಳ್ಳುತ್ತಿದ್ದರು. ದೇವೀಂದ್ರಪ್ಪನವರು ಮಾಳಿಂಗಪ್ಪನನ್ನು ವಾಡೆಗೆ ಕರೆಸಿದರು.

"ಧಣಿ ಏನಂದಾ ಕೇಳು. 'ನಿನ್ನ ಮಗನ ಡಿಗ್ರಿ ನನ್ನ ಒಂದು ಸಹಿ ಮ್ಯಾಲ ನಿಂತದ ಮಾಳಿಂಗಾ. ಹಳ್ಳದ ದಂಡಿ ಹೊಲಾನೂ ವಾಡೇಕ್ಕ ಸೇರೂಹಂಗ ತುಳಿ. ಇಲ್ಲಂದ್ರ ಅಂವ ಓದಿದ್ದೆಲ್ಲಾ ನೀರಾಗ ಹೋತು ಅಂತ ತಿಳಿ' ಅಂದ." ಮಾಳಿಂಗಪ್ಪ ಈಗ ಮಗನ ಕಡೆ ತಿರುಗಿದ. "ನಾ ಏನ್ ಮಾಡ್ಲೋ ಯಪ್ಪಾ? ಸುಳ್ಳು ತುಳದ್ರ ಮಗ ಸಾಯ್ತಾನ ಅಂತಾರ. ತುಳೀದಿದ್ರ ಮಗನ ಓದು ಸಾಯ್ತದ. ಮಣ್ಣು ಹೊತ್ತು ನಡದೆ. ಹೆಜ್ಜಿ ಹೆಜ್ಜಿಗೂ ಮನಸಿನಾಗ ನಿನ್ನ ಹೆಸರೇ ತಗೊಂಡೆ, ಬದಕಲಿ ಬದಕಲಿ ಅಂತ."

ಕೇರಿಗೆ ಉಳಿದಿದ್ದ ಒಂದು ತುಂಡು ಹೊಲವೂ ಹೋಗಿತ್ತು. ಈ ವರ್ಷ ಕಡಲೆ ಬಿತ್ತುವುದಕ್ಕೆ ಯಾರ ಮನೆಗೂ ನೆಲವಿರಲಿಲ್ಲ. ಮುಖ ತಿರುಗಿಸದೆ ಏನು ಮಾಡಿಯಾರು?

"ನಿನ್ನನ್ನೇ ಕರೀಬೇಕು ಅಂತ ಅವರಿಗಿ ಹ್ಯಾಂಗ ತಿಳೀತು? ಅವರು ಊರಾಗ ಇದ್ದವರಲ್ಲ, ಈ ರೀತಿ ರಿವಾಜು ಅವರಿಗಿ ಗೊತ್ತಿಲ್ಲ" ಎಂದ ಧರ್ಮಣ್ಣ.

ಕೇಳಿದ ಮೇಲೆ ಉತ್ತರ ಅವನಿಗೇ ಹೊಳೆಯಿತು. ಪುಟ ಇನ್ನೂರ ಎಂಬತ್ತೆಂಟು. 'ಅತನೂರಿನಲ್ಲಿ ಮಾಳಿಂಗಪ್ಪನ ರಕ್ತದವರು ತುಳಿದದ್ದೇ ಗಡಿ. ಒಬ್ಬನು ತುಳಿದದ್ದನ್ನು ಅದೇ ರಕ್ತದ ಇನ್ನೊಬ್ಬನಲ್ಲದೆ ಬೇರೆ ಯಾರೂ ಅಳಿಸಲಾಗದು.' ತಾನೇ ಬರೆದದ್ದು. ಆ ಸಾಲಿನ ಪಕ್ಕದಲ್ಲಿ ದೇವೀಂದ್ರಪ್ಪನವರು ಕೆಂಪು ಶಾಯಿಯಲ್ಲಿ 'ಅಮೂಲ್ಯ' ಎಂದು ಬರೆದಿದ್ದರು. ಆ ಒಂದು ಪದ ಓದಿ ಧರ್ಮಣ್ಣ ಎರಡು ದಿನ ಹಿಗ್ಗಿದ್ದ.

ಹೊತ್ತು ಮುಳುಗುವ ಮೊದಲೇ ವಾಡೆಗೆ ಹೋದ. ದೇವೀಂದ್ರಪ್ಪನವರು ಮೇಲೆ ಪಡಸಾಲೆಯಲ್ಲಿ ಲೋಡಿಗೆ ಒರಗಿ ಕೂತಿದ್ದರು. ಇವನು ಅಂಗಳದಲ್ಲಿ ನಿಂತ.

"ಅಣ್ಣಾ."

ಆಳುಗಳು ತಿರುಗಿ ನೋಡಿದರು. ದೇವೀಂದ್ರಪ್ಪನವರ ಮುಖ ಸಣ್ಣಗಾಯಿತು.

"ಇಲ್ಲಿ ಧಣಿ ಅನ್ನು ತಮ್ಮಾ. ಊರಾಗ ಊರಿನ ರೀತಿ. ನೀ ತಿಳದಾಂವ, ನಿನಗ ಹೇಳಬೇಕೇನು?"

"ನಮ್ಮಪ್ಪನ ಕಡಿಂದ ಸುಳ್ಳು ತುಳಸೀರಿ."

"ನೋಡು, ನಿನ್ನ ನಲವತ್ತೊಂದನೇ ಅಧ್ಯಾಯ ತಗದು ಹಾಕೇನಿ. ಅದು ಸಂಶೋಧನಾ ಅಲ್ಲ, ಮನಿ ಜಗಳ. ನಾಳಿಗಿ ನಲವತ್ತು ಊರಿನ ಮ್ಯಾಲ ಕೇಳ್ತಾರ. ಛಲೋತಂಗ ಹೇಳು, ಡಿಗ್ರಿ ತಗೋ. ಮುಂದ ನನ್ನ ಜಾಗಾದಾಗ ನಿನ್ನೇ ಕುಂದರಸ್ತೇನಿ."

"ನಾ ನಿಮ್ಮನ್ನ ನಂಬಿದ್ದೆ."

"ಈಗೂ ನಂಬು. ನಾಳಿ ಈ ಹೊತ್ತಿಗಿ ನೀ ಡಾಕ್ಟರ್ ಧರ್ಮಣ್ಣ. ಒಂದು ತುಂಡು ಹೊಲಾ ದೊಡ್ಡದೋ, ಅದು ದೊಡ್ಡದೋ?"

ಮುಖದ ಮೇಲೆ ಅದೇ ನಗು, ಶಹರದಲ್ಲಿ ತಾಟು ಮುಂದೆ ಸರಿಸುವಾಗಿನ ನಗು. ಅದೇ ಧರ್ಮಣ್ಣನನ್ನು ಕೊಂದದ್ದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ಬೆಳಗಾಯಿತು. ಮಿಂದ. ಒಗೆದ ಅಂಗಿ ತೊಟ್ಟ. ಡಿಗ್ರಿ ಬೇಕಿತ್ತು ಅವನಿಗೆ. ಸುಳ್ಳೇಕೆ ಹೇಳಬೇಕು, ಬಹಳ ಬೇಕಿತ್ತು. ಹಸಿದು ಓದಿದ್ದ. ಹಾಸ್ಟೆಲಿನ ಅಡುಗೆಮನೆಯ ಹೊರಗೆ ಕೂತು ಉಂಡು ಓದಿದ್ದ. ಬಾಯಿ ಮುಚ್ಚಿಕೊಂಡು ಇದೊಂದು ಹೊತ್ತು ಕಳೆಯೋಣ, ಹೊಲದ ಜಗಳ ಆಮೇಲೆ ನೋಡೋಣ ಎಂದು ಮನಸ್ಸಿಗೆ ಹೇಳಿಕೊಂಡೇ ವಾಡೆಗೆ ಹೋದ. ನಾನು ಅವನನ್ನು ವೀರ ಎನ್ನುವುದಿಲ್ಲ. ಆಗ ಅವನು ವೀರನಾಗಿರಲಿಲ್ಲ.

ಹಾಗೆ ಬಂದು ಅವನು ಆ ಅಂಗಳದಲ್ಲಿ ನಿಂತದ್ದು. ಬಲಕ್ಕೆ ದನ ನೀರು ಕುಡಿಯುವ ಕಲ್ಲಿನ ದೋಣಿ. ಹಿಂದೆ ಅಗಸಿ ಬಾಗಿಲಾಚೆ ಕೇರಿಯ ಮಂದಿ. ಸಿಟ್ಟಿದ್ದರೂ ಬಂದಿದ್ದರು. ತಮ್ಮವನೊಬ್ಬ ದೊಡ್ಡವರಿಗೆ ಉತ್ತರ ಹೇಳುವುದನ್ನು ಅವರು ಎಂದೂ ನೋಡಿರಲಿಲ್ಲ.

ಒಬ್ಬ ಪರೀಕ್ಷಕರು ಧಾರವಾಡದಿಂದ ಬಂದಿದ್ದರು. ಕೂತವರೇ ಕೇಳಿದರು, "ಹುಡುಗಗ ಕುರ್ಚಿ ಇಲ್ಲೇನ್ರೀ?"

"ಅವನಿಗಿ ನಿಂತು ರೂಢಿ ಅದರಿ" ಎಂದರು ದೇವೀಂದ್ರಪ್ಪನವರು.

ಅಷ್ಟರಲ್ಲಿ ಚಹಾ ಬಂತು. ಧಾರವಾಡದವರು ಮತ್ತೆ ಕೇಳಲಿಲ್ಲ.

ಪ್ರಶ್ನೆಗಳು ಬಂದವು. ಧರ್ಮಣ್ಣ ಕತ್ತು ಮೇಲೆತ್ತಿ ಉತ್ತರ ಹೇಳಿದ. ಒಂದಕ್ಕೂ ತಡವರಿಸಲಿಲ್ಲ. ಧಾರವಾಡದವರು ತಲೆದೂಗಿದರು. "ಆ ಹದಿನೇಳನೇ ಪುಟದಾಗಿನ ನಿಯಮ ಒಮ್ಮೆ ಓದಿ ತೋರಸ್ರಿ" ಎಂದರು. ಧರ್ಮಣ್ಣ ಗಟ್ಟಿಯಾಗಿ ಓದಿದ. ಮಣ್ಣು ಹೊತ್ತವನನ್ನು ಯಾರೂ ತಡೆಯತಕ್ಕದ್ದಲ್ಲ. ತಡೆದವನ ಹಕ್ಕು ಬಿದ್ದುಹೋಗತಕ್ಕದ್ದು. ಅಗಸಿಯಾಚೆಯ ಮಂದಿ ಗುಜುಗುಜು ಅಂದಿತು.

ಮೂರನೆಯವರು ಜಹೀರುದ್ದೀನ ಸಾಹೇಬರು. ಅದೇ ವಿಶ್ವವಿದ್ಯಾಲಯದ ಹಿರಿಯ ಪ್ರಾಧ್ಯಾಪಕರು, ಮೂಲ ಜೇವರ್ಗಿ ಕಡೆಯವರು. ಎರಡು ತಿಂಗಳ ಹಿಂದಿನ ತನಕ ಅವರಿಗೆ ಎದೆಮಟ್ಟ ಗಡ್ಡವಿತ್ತು. ಈಗ ಗಲ್ಲ ಬೋಳು. ಯಾಕೆ ಬೋಳಿಸಿದಿರಿ ಎಂದು, ಗಡ್ಡ ಕಂಡಲ್ಲಿ ಸೇಡು ತೀರಿಸಿಕೊಳ್ಳುತ್ತಿದ್ದ ಆ ವರ್ಷ ಯಾವ ಮುಸಲ್ಮಾನನನ್ನೂ ಕೇಳಬೇಕಾಗಿರಲಿಲ್ಲ. ಬಂದಾಗಿನಿಂದ ಅವರು ಪ್ರಬಂಧದ ಹಾಳೆಗಳನ್ನು ಹಿಂದೆ ಮುಂದೆ ತಿರುವುತ್ತಿದ್ದರು.

"ಮಿಯಾಂ, ಒಂದು ಸವಾಲು" ಎಂದರು. "ಮೊದಲ ಪುಟದ ಪಟ್ಟಿದಾಗ ನಲವತ್ತೊಂದು ಊರು ಅದಾವ. ಒಳಗ ನಲವತ್ತೇ ಅದಾವ. ನಲವತ್ತೊಂದನೇ ಊರು ಎಲ್ಲಿ ಹೋತು?"

ದೇವೀಂದ್ರಪ್ಪನವರು ಅಧ್ಯಾಯ ಕಿತ್ತಿದ್ದರು. ಪಟ್ಟಿ ತಿದ್ದುವುದನ್ನು ಮರೆತಿದ್ದರು.

"ಟೈಪ್ ಮಾಡಿದಾಂವನ ತಪ್ಪರಿ ಸಾಹೇಬ್ರ" ಎಂದು ನಕ್ಕರು. ಆಮೇಲೆ ಕೆಳಗೆ ನೋಡಿದರು. "ಹೇಳು ಧರ್ಮಾ, ಟೈಪಿನ ತಪ್ಪು ಅಂತ ಹೇಳು."

ಹೌದ್ರಿ. ಇಷ್ಟೇ ಅನ್ನಬೇಕಿತ್ತು. ಒಂದು 'ಹೌದ್ರಿ'ಗೆ ಒಂದು ಡಾಕ್ಟರೇಟು. ಧರ್ಮಣ್ಣ ಬಾಯಿ ತೆರೆದ. ಯಾಕೋ ಹಿಂದೆ ತಿರುಗಿ ನೋಡಿದ. ಮಂದಿಯ ನಡುವೆ ಅಪ್ಪ ನಿಂತಿದ್ದ. ಅವನ ಸುತ್ತ ಒಂದು ಮಾರು ಜಾಗ ಖಾಲಿ. ಊರವರು ಕೇರಿಯವರಿಂದ ಎಷ್ಟು ದೂರ ನಿಲ್ಲುತ್ತಾರೋ, ಕೇರಿಯವರು ಅಪ್ಪನಿಂದ ಅಷ್ಟೇ ದೂರ ನಿಂತಿದ್ದರು. ಅಪ್ಪನ ಬೋಳು ನೆತ್ತಿಯ ಮೇಲೆ ಬಿಸಿಲು ಬಿದ್ದಿತ್ತು.

ಧರ್ಮಣ್ಣ ಬಾಯಿ ಮುಚ್ಚಿದ. ಪ್ರಬಂಧವನ್ನು ಫರಸಿಯ ಮೇಲಿಟ್ಟ. ಅಂಗಿ ಬಿಚ್ಚಿದ.

"ಎಲ್ಲಿಗಿ ಹೋಗ್ತೀ? ಉತ್ರಾ ಕೊಡು" ಎಂದರು ದೇವೀಂದ್ರಪ್ಪನವರು.

ದನದ ದೋಣಿಗೆ ಎರಡೂ ಕೈಹಾಕಿ ನೀರು ಎತ್ತಿ ತಲೆಯ ಮೇಲೆ ಸುರಿದುಕೊಂಡ. ಮೂರು ಸಲ ಸುರಿದುಕೊಂಡ. ದೋಣಿಯ ಬುಡದಲ್ಲಿ ಫರಸಿ ಇರಲಿಲ್ಲ, ಕರಿಮಣ್ಣಿತ್ತು. ಆ ಅಂಗಳವೂ ಒಂದು ಕಾಲದ ಮಾನ್ಯದ ಹೊಲವೇ. ಕೈಯಿಂದ ಕೆದರಿ ಒಂದು ಹೆಂಟೆ ಎತ್ತಿ ನೆತ್ತಿಯ ಮೇಲಿಟ್ಟುಕೊಂಡ. ಕೆಸರು ನೀರು ಹಣೆಯ ಮೇಲೆ ಇಳಿಯಿತು. ಅಗಸಿಯಾಚೆಯ ಮಂದಿ ಬಾಗಿಲಿಗೆ ಒತ್ತಿ ಬಂದಿತು.

ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ. ಎರಡನೆಯದು. ಮೂರನೆಯದು.

ದೇವೀಂದ್ರಪ್ಪನವರು ಎದ್ದು ಬಂದು ಮೇಲಿನ ಮೆಟ್ಟಿಲಲ್ಲಿ ಎರಡೂ ಕೈ ಚಾಚಿ ನಿಂತರು.

"ಲೇ ಹೊಲ್ಯಾ! ಇಳಿಯಲೇ ತೆಳಗ!"

ಬಂತು ನೋಡಿ. ಇಪ್ಪತ್ತು ವರ್ಷದ ಖಾದಿ ಆ ಒಂದು ಕೂಗಿನಲ್ಲಿ ಹರಿದುಬಿತ್ತು. ಇನ್ನು ಅವನನ್ನು ನಾನೂ 'ಅವರು' ಅನ್ನುವುದಿಲ್ಲ.

ಧರ್ಮಣ್ಣ ನಿಲ್ಲಲಿಲ್ಲ. ಅಗಸಿಯಿಂದ ನಿಂಬೆವ್ವನ ದನಿ ಎದ್ದಿತು.

"ಧಣೀ! ನನ್ನ ಮಗ ಮಣ್ಣು ಹೊತ್ತಾನ! ತಡದ್ರ ನಿಮ್ಮ ಹಕ್ಕು ಬೀಳ್ತದ, ಈಗರೆ ಓದ್ಯಾನ, ಕೇಳಿರಿಲ್ಲೋ!"

"ತಡೀಬ್ಯಾಡ್ರಿ!" ಎಂದಿತು ಕೇರಿ. ವಾಡೆಯ ಆಳುಗಳೂ ಹಿಂದೆ ಸರಿದು ಗೋಡೆಗೆ ಅಂಟಿ ನಿಂತರು. ಮಣ್ಣು ಹೊತ್ತವನ ಮೈ ಮುಟ್ಟುವ ಧೈರ್ಯ ಒಬ್ಬನಿಗೂ ಇರಲಿಲ್ಲ. ದೇವೀಂದ್ರಪ್ಪ ಈ ನಂಬಿಕೆಯನ್ನೇ ಹಿಡಿದು ಹೊಲ ನುಂಗಿದ್ದ. ಈಗ ಅದನ್ನು ಸುಳ್ಳು ಅನ್ನುವ ಹಾಗಿರಲಿಲ್ಲ. ಊರೆಲ್ಲ ನೋಡುತ್ತಿತ್ತು. ಚಾಚಿದ ಕೈಗಳು ಮೆಲ್ಲಗೆ ಇಳಿದವು.

"ಒಳಗ ಕಾಲಿಟ್ರ ಡಿಗ್ರಿ ಇಲ್ಲ" ಎಂದ, ಧರ್ಮಣ್ಣನಿಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ. ಧರ್ಮಣ್ಣ ಏಳನೇ ಮೆಟ್ಟಿಲು ಹತ್ತಿ ಅವನ ಪಕ್ಕದಿಂದಲೇ ಹಾದುಹೋದ.

ಗಡಿ ಸರಿಯಾಗಿ ಜಹೀರುದ್ದೀನ ಸಾಹೇಬರ ಕುರ್ಚಿಯಡಿ ಹಾದಿತ್ತು. ಸಾಹೇಬರು ಎದ್ದರು. ಕುರ್ಚಿಯನ್ನು ತಾವೇ ಎತ್ತಿ ಪಕ್ಕಕ್ಕಿಟ್ಟು, ಕೈಕಟ್ಟಿ ನಿಂತರು. ನಡುಮನೆ. ದೇವರ ಕೋಣೆಯ ಬಾಗಿಲು. ಆಮೇಲೆ ಅಡುಗೆಮನೆ. ಒಲೆಯ ಮುಂದೆ ದೇವೀಂದ್ರಪ್ಪನ ತಾಯಿ ಕಾಶಿಬಾಯಿ ರೊಟ್ಟಿ ಸುಡುತ್ತಿದ್ದಳು, ಎಂಬತ್ತು ದಾಟಿದ ಮುದುಕಿ. ತಲೆಯ ಮೇಲಿನ ಮಣ್ಣು ನೋಡಿದಳು. ಚೀರಲಿಲ್ಲ. ಹಂಚು ಇಳಿಸಿದಳು. ಉರಿಯುವ ಕೊಳ್ಳಿಗಳನ್ನು ಎಳೆದು ಬದಿಗೆ ಹಾಕಿದಳು.

"ಕಲ್ಲು ಇಲ್ಲೇ ತೆಳಗ ಅದ. ನಮ್ಮ ಅತ್ತಿ ಹೇಳಿದ್ಲು" ಎಂದಳು.

ಬಾಗಿಲಲ್ಲಿ ಬಂದು ನಿಂತ ಧಾರವಾಡದವರು ಅದನ್ನು ಕೇಳಿಸಿಕೊಂಡರು. ದೇವೀಂದ್ರಪ್ಪನೂ ಕೇಳಿಸಿಕೊಂಡ.

ಧರ್ಮಣ್ಣ ಒಲೆಯೊಳಗೆ ಕಾಲಿಟ್ಟ. ಬೂದಿಯಡಿ ಕೆಂಡವಿತ್ತು. ಅಂಗಾಲು ಚರ್ ಎಂದಿತು. ಕೂಗುವಂತಿಲ್ಲ, ಕೂಗಿದರೆ ಗಡಿ ಮುರಿಯುತ್ತದೆ. ಹಲ್ಲು ಕಚ್ಚಿ ದಾಟಿದ. ಹಿತ್ತಲು, ಬಾವಿ, ಹಿಂದಿನ ದಿಡ್ಡಿಬಾಗಿಲು, ಕೂಳೆ ಚುಚ್ಚುವ ಹೊಲ. ಕೇರಿ ವಾಡೆಯನ್ನು ಸುತ್ತು ಹಾಕಿ ಓಡಿ ಬಂದು ಹಳ್ಳದ ದಂಡೆಯಲ್ಲಿ ನಿಂತಿತ್ತು. ಅಲ್ಲಿನ ಬನ್ನಿಗಿಡದ ಬುಡದಲ್ಲಿ ಅವನು ಮಣ್ಣು ಇಳಿಸಿದ. ಕುಸಿದು ಕೂತ.

ಮಾಳಿಂಗಪ್ಪ ಎಲ್ಲರ ಹಿಂದೆ, ಹತ್ತಿರ ಬರಲು ಹೆದರಿ ನಿಂತಿದ್ದ. ಧರ್ಮಣ್ಣ ಬಾಯಿಬಿಟ್ಟು ಮೊದಲು ಆಡಿದ ಮಾತು ಅವನಿಗೇ.

"ಯಪ್ಪಾ, ಬಾ ಇಲ್ಲಿ. ಮುಟ್ಟಿ ನೋಡು. ನಾ ಸತ್ತಿಲ್ಲ."

ಮರುದಿನ ಕೇರಿಯವರು ಹಳ್ಳದ ದಂಡೆಯ ಹೊಲಕ್ಕೆ ಕಡಲೆ ಬಿತ್ತಿದರು. ಯಾರನ್ನೂ ಕೇಳಲಿಲ್ಲ. ಮೋಜಣಿಯವರು ಇನ್ನೊಮ್ಮೆ ಬಂದು ಎರಡೂ ಗಡಿ ಬರೆದುಕೊಂಡು ಹೋದರು. ತೀರ್ಪು ಆಗಿರಲಿಲ್ಲ. ಮಾಳಿಂಗಪ್ಪನಿಗೆ ಕೇರಿಯವರು ಮತ್ತೆ ಬೀಡಿಗೆ ಬೆಂಕಿ ಕೊಡತೊಡಗಿದರು.

ಕಡಲೆ ಗೇಣುದ್ದ ಬಂದಾಗ ವಿಶ್ವವಿದ್ಯಾಲಯದಿಂದ ಲಕೋಟೆ ಬಂತು. ಧರ್ಮಣ್ಣ ಬಾಗಿಲಲ್ಲಿ ಕೂತು ಒಡೆದ. ನಿಂಬೆವ್ವ ಅವನ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡು ಸುಟ್ಟ ಅಂಗಾಲಿಗೆ ಕುಸುಬೆ ಎಣ್ಣೆ ಹಚ್ಚುತ್ತಿದ್ದಳು. ಕಾಗದದಲ್ಲಿ ನಾಲ್ಕೇ ಸಾಲು. ಅಭ್ಯರ್ಥಿಯು ಅನುತ್ತೀರ್ಣ. ಪ್ರಬಂಧವನ್ನು ಹಿಂದಿರುಗಿಸಲಾಗುವುದಿಲ್ಲ. ಕೆಳಗೆ ಎರಡು ಸಹಿ. ಜಹೀರುದ್ದೀನ ಸಾಹೇಬರ ಹೆಸರಿನ ಮುಂದೆ ಖಾಲಿ. ಮೊದಲ ಸಹಿ ದೇವೀಂದ್ರಪ್ಪನದು, ಅದೇ ಕೆಂಪು ಶಾಯಿ. ಅದನ್ನು ನೋಡಿ ಧರ್ಮಣ್ಣ ಅತ್ತುಬಿಟ್ಟ. ಡಿಗ್ರಿಗೆ ಅಲ್ಲ. ಅಣ್ಣಾ ಎಂದು ಅಷ್ಟು ವರ್ಷ ಕರೆದಿದ್ದನಲ್ಲ, ಅದಕ್ಕೆ.

"ಏನ್ ಬರದಾರೋ?" ಎಂದಳು ನಿಂಬೆವ್ವ.

"ಕಡೀ ಪ್ರಶ್ನಿಗಿ ನಾ ಉತ್ರಾ ಕೊಡ್ಲಿಲ್ಲಂತಬೇ."

ನಿಂಬೆವ್ವನ ಕೈ ನಿಂತಿತು. ಅವನ ಅಂಗಾಲನ್ನು ಬೆಳಕಿಗೆ ತಿರುಗಿಸಿ, ಇನ್ನೂ ಮಾಯದ ಹಸಿಗಾಯದ ಮೇಲೆ ಬೆರಳಿಟ್ಟಳು.

"ಮತ್ತ ಇದೇನು?"